ಬ್ಯಾಟರಿ ಗಾಡಿಯಲ್ಲಿ ದೇವರ ಪೆಟ್ಟಿಗೆ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ದೇವರ ಪೆಟ್ಟಿಗೆ ಹೊರಟ ದಿನ ಪೂಜೆಯ ಆಚಾರ್ಯರು ಇನ್ನೂ ಕತ್ತಲಿರುವಾಗಲೇ ಬಂದರೆಂದು ನನ್ನ ನೆನಪು. ಅವರ ಹೆಗಲ ಮೇಲಿನ ಉತ್ತರೀಯಕ್ಕೆ ಎಳೆಬಿಸಿಲು ಬಿದ್ದದ್ದೂ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಕಾಲೇಜು ಕಲಿಯುವಾಗಿನಿಂದ ಡೈರಿ ಬರೆಯುವ ಅಭ್ಯಾಸ ನನಗಿದೆ, ಆ ದಿನಗಳಲ್ಲೂ ಬಿಟ್ಟಿರಲಿಲ್ಲ. ಈಗ ತೆರೆದರೆ ಆ ಪುಟಗಳಲ್ಲಿ ಸಿಗುವುದು ಊರುಗಳ ಹೆಸರು, ಪಕ್ಕದಲ್ಲಿ ‘ಚಾರ್ಜರ್ ಇದೆ’, ‘ಇದೆ, ಕೆಟ್ಟಿದೆ’, ‘ಫೋನ್ ಎತ್ತಲಿಲ್ಲ’ ಎಂಬ ಟಿಪ್ಪಣಿ. ನನಗೆ ಏನನ್ನಿಸಿತೆಂದು ಒಂದು ಸಾಲೂ ಇಲ್ಲ. ಏನೂ ಅನ್ನಿಸಿರಲಿಲ್ಲವೋ, ಅನ್ನಿಸಿದ್ದನ್ನು ಬರೆಯಲಿಲ್ಲವೋ, ಅದೂ ಈಗ ತಿಳಿಯದು.

ನನ್ನ ಗಂಡ ತೀರಿಕೊಂಡು ವರ್ಷವಾಗಿತ್ತು. ವರ್ಷಾಂತಿಕ ಮುಗಿದ ಮೇಲೆ ಮನೆಯ ದೇವರನ್ನು ಬೆಳಗಾವಿಯಲ್ಲಿರುವ ಮೈದುನನ ಮನೆಗೆ ಒಯ್ಯುವುದೆಂದು ನಿಶ್ಚಯವಾಯಿತು. ನಮ್ಮದು ಬಾಗಲಕೋಟೆ ಕಡೆಯ ಮನೆತನ. ಸಾಲಿಗ್ರಾಮಗಳಿರುವ ಪೆಟ್ಟಿಗೆ ಹಿರಿಯ ಮಗನ ಮನೆಯಲ್ಲಿರುತ್ತದೆ, ಅವನ ನಂತರ ಅವನ ಮಗನಿಗೆ, ಮಗನಿಲ್ಲದಿದ್ದರೆ ತಮ್ಮನಿಗೆ. ನಮಗೆ ಮಕ್ಕಳಿಲ್ಲ. ಹೆಂಗಸರು ಆ ಪೂಜೆ ಮಾಡುವ ಪದ್ಧತಿ ಇಲ್ಲ. ಆ ಒಂದು ವರ್ಷ, ನಮ್ಮ ಹಿಂದಿನ ಓಣಿಯ ಆಚಾರ್ಯರು ಬೆಳಿಗ್ಗೆ ಬಂದು ಪೂಜೆ, ನೈವೇದ್ಯ ಮುಗಿಸಿ ಹೋಗುತ್ತಿದ್ದರು. ಅವರಿಗೂ ವಯಸ್ಸಾಗಿತ್ತು, ನಮ್ಮ ಮೆಟ್ಟಿಲು ಅವರಿಗೆ ಹೆಚ್ಚಾಗಿದ್ದವು. ಲಿಫ್ಟನ್ನು ಅವರು ಮಡಿಯಲ್ಲಿ ಬಳಸುತ್ತಿರಲಿಲ್ಲ.

ದೇವರು ಹೋಗುವುದು ಖಚಿತವಾಗಿತ್ತು. ಅವುಗಳ ಜೊತೆ ಅತ್ತೆ ಹೋಗುವುದೂ ಖಚಿತವಾಗಿತ್ತು. ಅತ್ತೆ ತಿರುಗಿ ಬರುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ತೆಲುಗು ಸೀಮೆಯ ದೊಡ್ಡ ನಗರದ ಅಂಚಿನ ಕುಷಾಯಿಗೂಡದ ಆ ಮನೆಯಲ್ಲಿ ಆಗ ಇದ್ದವರು ನಾವಿಬ್ಬರೇ. ನನಗೆ ತಿಳಿದ ಮಟ್ಟಿಗೆ ನೈವೇದ್ಯವಾಗದ ಅನ್ನವನ್ನು ಅತ್ತೆ ಎಂದೂ ಉಂಡವರಲ್ಲ. ದೇವರಿಲ್ಲದ ಮನೆಗೆ ಅವರು ಯಾಕೆ ಬಂದಾರು ಎಂದು ಒಮ್ಮೆ ಅನ್ನಿಸುತ್ತಿತ್ತು. ಇಷ್ಟು ವರ್ಷ ಇದ್ದ ಮನೆ ಬಿಟ್ಟು ಅಲ್ಲಿ ಹೇಗೆ ಉಳಿದಾರು ಎಂದು ಇನ್ನೊಮ್ಮೆ. ಅವರು ಬರಲಿ ಎಂಬ ಆಸೆ ನನಗಿತ್ತೇ ಎಂದು ಯಾರಾದರೂ ಆಗ ಕೇಳಿದ್ದರೆ, ಟಯರಿನ ಗಾಳಿ ನೋಡಿಸಬೇಕು ಎಂದೇನೋ ಹೇಳಿರುತ್ತಿದ್ದೆ.

ಗಾಡಿಯ ಮಾತು ಮೊದಲು ಬಂದದ್ದು ಮೈದುನನ ಫೋನಿನಲ್ಲಿ. ಅತ್ತೆಗೆ ಕೇಳಲೆಂದು ಸ್ಪೀಕರ್ ಹಾಕಿದ್ದೆ.

“ವೈನಿ, ಅದು ಬ್ಯಾಟರಿ ಗಾಡಿ. ನಡು ಹಾದ್ಯಾಗ ನಿಂತ್ರ ದೇವ್ರs ಇಳದು ದಬ್ಬಬೇಕಾಗ್ತದ. ನಾ ಇಲ್ಲಿಂದ ಡೀಸೆಲ್ ಗಾಡಿ ಕಳಸ್ತೀನಿ, ಸುಮ್ನ ಕೂತು ಬಂದು ಬಿಡ್ರಿ.”

“ಅವನ ಗಾಡಿ ಅದ. ಅದರಾಗ ಹೋಗ್ತಾವ,” ಎಂದರು ಅತ್ತೆ.

“ಅವ್ವಾ, ಅದಕ್ಕ ಹಾದ್ಯಾಗ ಮೂರು ಸಲ ಕರೆಂಟ್ ಕುಡಸಬೇಕು.”

“ಅಂವ ಪೂಜಾ ಮಾಡಿದ ದೇವ್ರು, ಅಂವನ ಗಾಡಿಯೊಳಗ ಹೋಗ್ತಾವ. ನೀ ಬಾಗಲದಾಗ ನಿಂತು ಇದುರುಗೊಳ್ಳೋದಷ್ಟ ಮಾಡು.”

“ಮತ್ತ ನಡಸೋರು ಯಾರು?”

“ಇಕಿ ಇಲ್ಲೇನು?”

“ವೈನಿ ಕಾಲೇಜಿಗೆ ನಡಸ್ತಾರ, ಗೊತ್ತದ. ಹಿಂದಿನವ ಹಾರ್ನ್ ಹೊಡದ್ರ ಇವರು ಗಾಡಿ ನಿಲ್ಲಿಸಿ ಯಾರಂತ ನೋಡ್ತಾರ.”

ಅವನು ಹೇಳಿದ್ದು ಸುಳ್ಳಲ್ಲ. ಆ ಗಾಡಿ ಕೊಂಡದ್ದು ನನ್ನ ಗಂಡ, ಓಡಿಸಿದ್ದು ಕೆಲವೇ ತಿಂಗಳು. ಅವರ ನಂತರ ನಾನು ಅದನ್ನು ಪಾಠ ಮಾಡುವ ಕಾಲೇಜಿಗೆ ಒಯ್ಯುತ್ತಿದ್ದೆ, ಮನೆಗೆ ತರುತ್ತಿದ್ದೆ. ಹೆದ್ದಾರಿಗೆ ಒಯ್ದಿರಲಿಲ್ಲ. ಆದರೂ ಆಗಲಿ ಎಂದೆ. ಆ ವರ್ಷ ನಾನು ಎಲ್ಲದಕ್ಕೂ ಆಗಲಿ ಎಂದೇ ಹೇಳುತ್ತಿದ್ದೆನೆಂದು ಕಾಣುತ್ತದೆ.

ಮರುದಿನ ಅತ್ತೆ ಪಾರ್ಕಿಂಗಿಗೆ ಇಳಿದು ಬಂದರು. ಬಾಗಿಲು ತೆಗೆಸಿ, ಮುಂದಿನ ಸೀಟನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು.

“ಇದು ಚರ್ಮ ಅಲ್ಲೇನು?”

“ನಕಲಿ ಚರ್ಮ ಇರಬೇಕು, ಅತ್ಯಾ.”

“ಇರಬೇಕು ಅಂದ್ರ? ದೇವ್ರು ಕೂಡೋ ಜಾಗಾ. ಕೇಳು.”

ಗಾಡಿ ಮಾರಿದ ಅಂಗಡಿಗೆ ಫೋನ್ ಮಾಡಿದೆ. ಎತ್ತಿದವನು ಬಹಳ ಉತ್ಸಾಹದಿಂದ, “ಮೇಡಂ, ವೇಗನ್ ಲೆದರ್ ಹೈ, ಪ್ರೀಮಿಯಂ” ಎಂದ. ಲೆದರ್ ಎಂಬ ಮಾತು ಅತ್ತೆಯ ಕಿವಿಗೂ ಬಿತ್ತು. ವೇಗನ್ ಎಂದರೆ ಸಸ್ಯಾಹಾರಿ ಎಂಬ ಅರ್ಥ ಎಂದು ವಿವರಿಸಲು ಹೋದೆ.

“ಸಸ್ಯಾಹಾರಿ ಚರ್ಮ?” ಅತ್ತೆ ಸೀಟನ್ನು ಇನ್ನೊಮ್ಮೆ ಒತ್ತಿದರು. “ಎಮ್ಮಿನೂ ಸಸ್ಯಾಹಾರಿನ ಅಲ್ಲೇನವಾ?”

“ಹಂಗಲ್ಲ ಅತ್ಯಾ, ಅದು ಪ್ಲಾಸ್ಟಿಕ್.”

“ಪ್ಲಾಸ್ಟಿಕ್ ಅಂದಿದ್ರ ಮುಗದು ಹೋಗ್ತಿತ್ತಲಾ. ಪ್ಲಾಸ್ಟಿಕ್‌ಗೆ ಅಷ್ಟು ದೊಡ್ಡ ಹೆಸರ್ಯಾಕ?”

ಪ್ಲಾಸ್ಟಿಕ್ ಆದರೂ ನಂಬುವಂತಿಲ್ಲವೆಂದು, ಮಡಿಗೆ ನಡೆಯುವ ಉಣ್ಣೆಯ ಧಾಬಳಿಯನ್ನು ಮಡಚಿ ಸೀಟಿನ ಮೇಲೆ ಹಾಸುವುದೆಂದು ತೀರ್ಮಾನವಾಯಿತು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಇದು ನಗುವ ಮಾತು ಎಂದು ತಿಳಿದದ್ದು ನೆನಪಿದೆ.

ಹಾದಿಯ ಕೆಲಸ ಇನ್ನೂ ದೊಡ್ಡದಿತ್ತು. ದೇವರು ಹಾದಿಯಲ್ಲಿ ರಾತ್ರಿ ಉಳಿಯುವಂತಿಲ್ಲ. ಇಲ್ಲಿ ಬೆಳಗಿನ ಪೂಜೆ ಮುಗಿಸಿ ಹೊರಟರೆ ಅದೇ ದಿನ ಅಲ್ಲಿ ಪೀಠದ ಮೇಲೆ ಕೂಡಬೇಕು. ಸೊಲ್ಲಾಪುರದ ಮೇಲೆ ಹೋದರೆ ಚಾರ್ಜರುಗಳು ಹೆಚ್ಚು, ದಾರಿ ಉದ್ದ. ಹುಮನಾಬಾದ್, ಕಲಬುರಗಿ, ವಿಜಯಪುರದ ಮೇಲೆ ಹೋದರೆ ದಾರಿ ಹತ್ತಿರ, ಚಾರ್ಜರುಗಳು ಕಡಿಮೆ. ಫೋನಿನ ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಕಾಣುತ್ತಿದ್ದವು. ಒಂದೊಂದು ಚುಕ್ಕೆಯನ್ನು ಒತ್ತಿದರೂ ತೆರೆದುಕೊಳ್ಳುತ್ತಿದ್ದದ್ದು ಒಂದು ಧಾಬಾ, ಇಲ್ಲವೇ ಬಾರ್ ಇರುವ ಹೋಟೆಲು. ಮಾಂಸ ಬೇಯುವ ಅಂಗಳದಲ್ಲಿ ದೇವರ ಪೆಟ್ಟಿಗೆ ಒಂದು ತಾಸು ನಿಲ್ಲುವುದು ಸಾಧ್ಯವಿರಲಿಲ್ಲ. ಹೀಗಾಗಿ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಹೋಟೆಲುಗಳಿಗೆ ಫೋನ್ ಮಾಡಿ, ನಿಮ್ಮಲ್ಲಿ ಏನೇನು ಸಿಗುತ್ತದೆ ಎಂದು ವಿಚಾರಿಸುತ್ತಿದ್ದೆ. ಒಬ್ಬ ಮ್ಯಾನೇಜರ್, ಚಾರ್ಜರ್ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ, “ಚಾರ್ಜರ್ ಕಾ ಪತಾ ನಹೀ ಮೇಡಂ, ಬಿರಿಯಾನಿ ಏಕ್ ನಂಬರ್ ಹೈ” ಎಂದ. ಡೈರಿಯಲ್ಲಿ ಆ ಊರಿನ ಮೇಲೆ ಗೆರೆ ಎಳೆದಿದ್ದೇನೆ.

ನಮ್ಮ ಕೆಳಗಿನ ಮನೆಯಾಕೆಯ ತವರು ಹುಮನಾಬಾದ್. ನನಗಿಂತ ಚಿಕ್ಕವಳು, ಗಂಡ ಕಿರಾಣಿ ವ್ಯಾಪಾರಿ. ನಾನು ಮೆಟ್ಟಿಲಲ್ಲಿ ಫೋನ್ ಹಿಡಿದು ಮಾತಾಡುತ್ತಿದ್ದದ್ದನ್ನು ಕೇಳಿಸಿಕೊಂಡು ಬಾಗಿಲಿಗೆ ಬಂದಳು.

“ಅಕ್ಕಾರ, ಅದು ನಮ್ ತವರಿನ ಹಾದಿನರಿ. ನನ್ನ ಕೇಳೂದು ಬಿಟ್ಟು ಯಾರ್‍ಯಾರಿಗೋ ಫೋನ್ ಮಾಡಾಕತ್ತೀರಿ.”

ಒಂದು ಹೋಟೆಲಿನ ಹೆಸರು ಹೇಳಿ, ಪ್ಯೂರ್ ವೆಜ್ ಎಂದು ಬರೆದಿದೆಯಲ್ಲ ಎಂದೆ.

“ಬೋರ್ಡ್ ಅಷ್ಟ ಪ್ಯೂರ್ ವೆಜ್ ಐತ್ರಿ. ಹಿತ್ತಲಕ ಹೋಗಿ ನೋಡ್ರಿ, ಕೋಳಿ ಅಡ್ಡಾಡಾಕತ್ತಿರ್ತಾವ. ನೀವು ಸುಮ್ಕ ಪೆಟ್ರೋಲ್ ಬಂಕ್‌ನಾಗ ನಿಲ್ಲಸ್ರಿ. ಈಗ ಬಂಕ್‌ನಾಗೂ ಚಾರ್ಜ್ ಮಾಡೂ ಮಷೀನ್ ಇಟ್ಟಾರ. ಅಲ್ಲಿ ತಿನ್ನೂದು ಏನೂ ಇರಂಗಿಲ್ಲ. ನಿಮ್ ದೇವ್ರಿಗೂ ಛಲೋ, ನಿಮಗೂ ಉಪಾಸ.”

ಅವಳ ಮಾತಿನಂತೆ ಬಂಕುಗಳನ್ನೇ ಹುಡುಕಿದೆ. ಹುಮನಾಬಾದಿನ ಹತ್ತಿರ ಒಂದು, ಕಲಬುರಗಿ ದಾಟಿದ ಮೇಲೆ ಒಂದು, ವಿಜಯಪುರದಲ್ಲಿ ಒಂದು ಸಿಕ್ಕಿತು. ಪೆಟ್ರೋಲಿನ ವಾಸನೆಗೆ ದೋಷವಿಲ್ಲವೆಂದು ಆಚಾರ್ಯರು ಫೋನಿನಲ್ಲಿ ಒಪ್ಪಿದರು. ಅದು ಹೇಗೂ ನೆಲದೊಳಗಿಂದ ಬಂದದ್ದು ಎಂದರು. ಪ್ರತಿಯೊಂದು ಕಡೆ ಸುಮಾರು ಒಂದು ತಾಸು ನಿಲ್ಲಬೇಕಾಗುತ್ತಿತ್ತು. ಆ ಲೆಕ್ಕ ಕೂಡಿದಾಗ ನನಗೆ ಹೊಳೆದದ್ದು, ಆ ಹೊತ್ತಿನಲ್ಲಿ ಗಾಡಿಯೊಳಗೆ ನಾವಿಬ್ಬರೇ ಇರುತ್ತೇವೆ, ಅಡಿಗೆ ಇಲ್ಲ, ಟಿವಿ ಇಲ್ಲ, ಬಾಗಿಲು ಬಡಿಯುವವರಿಲ್ಲ. ಆಗ ಕೇಳಬಹುದು. ಮನೆಯಲ್ಲಿ ಎದುರೆದುರು ಕೂತು ಕೇಳುವುದಕ್ಕಿಂತ, ಇಬ್ಬರೂ ಮುಂದಿನ ಗಾಜನ್ನು ನೋಡುತ್ತಾ ಕೇಳುವುದು ಸುಲಭ ಅನ್ನಿಸಿತು. ಮೊದಲನೆಯ ಬಂಕಿನಲ್ಲೇ ಕೇಳಬೇಕೆಂದುಕೊಂಡೆ. ಅಷ್ಟು ನಿರ್ಧಾರವಾದ ಮೇಲೆ ಮನೆಯಲ್ಲಿ ಕೇಳುವ ಪ್ರಶ್ನೆ ಉಳಿಯಲಿಲ್ಲ. ನಾನು ಅದನ್ನು ಮುಂದೂಡುತ್ತಿದ್ದೆನೇ? ಆಗ ಅದು ಯೋಜನೆಯಂತೆಯೇ ಕಾಣುತ್ತಿತ್ತು.

ಕೇಳದಿದ್ದರೂ ನೋಡುತ್ತಿದ್ದೆ. ಅತ್ತೆ ಸಾಮಾನು ಕಟ್ಟುವುದನ್ನು, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹುಡುಗಿ ಹೇಳಲು ಹೊರಟದ್ದೇನೆಂದು ಹುಡುಕುವ ಹಾಗೆ ನೋಡುತ್ತಿದ್ದೆ. ದೇವರ ಸಾಮಾನೆಲ್ಲ ಹೋಗುವುದೇ: ಗಂಧ ತೇಯುವ ಕಲ್ಲು, ಗಂಟೆ, ಆರತಿ, ತಾಮ್ರದ ತಂಬಿಗೆ. ಅವನ್ನು ಹಳೆಯ ಪಂಚೆಗಳಲ್ಲಿ ಸುತ್ತಿದರು. ತಮ್ಮ ಸೀರೆಗಳಲ್ಲಿ ಅರ್ಧ ತೆಗೆದುಕೊಂಡರು, ಅರ್ಧ ಕಪಾಟಿನಲ್ಲಿ ಬಿಟ್ಟರು. ದಿಂಬು ತೆಗೆದುಕೊಂಡರು, ಆದರೆ ಅವರು ಒಂದು ರಾತ್ರಿಯ ಊರಿಗೆ ಹೋದರೂ ದಿಂಬು ಒಯ್ಯುವವರು. ಸ್ವೆಟರ್ ಇಟ್ಟುಕೊಂಡರು, ಬೆಳಗಾವಿ ಥಂಡಿ ಊರು. ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಇಳಿಸಿ ಎರಡು ಬಾಟಲಿಗೆ ಸಮನಾಗಿ ಹಂಚಿದರು. ಒಂದನ್ನು ಕಟ್ಟಿದರು, ಇನ್ನೊಂದನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟರು.

“ಇಲ್ಲಿ ಇಷ್ಟು ಯಾಕ ಅತ್ಯಾ?” ಎಂದೆ. ಅದಕ್ಕಿಂತ ಹತ್ತಿರ ಹೋಗಿ ಕೇಳಲು ಆಗಲಿಲ್ಲ.

“ಉಪ್ಪಿನಕಾಯಿ ಏನು ಹಳಸ್ತದೇನು?” ಎಂದರು.

ಚಾರ್ಜ್ ಮಾಡುವ ಆ್ಯಪುಗಳೆಲ್ಲ ನನ್ನ ಗಂಡನ ನಂಬರಿನಲ್ಲಿದ್ದವು. ಬದಲಿಸಲು ಪ್ರಯತ್ನಿಸಿದೆ, ಬದಲಿಸಬೇಕಾದರೂ ಒಟಿಪಿ ಅದೇ ನಂಬರಿಗೆ ಬರುತ್ತಿತ್ತು. ಕೊನೆಗೆ ಹಾಗೇ ಬಿಟ್ಟೆ. ಒಂದು ವರ್ಷದಿಂದ ಅವರ ಫೋನನ್ನು ರಿಚಾರ್ಜ್ ಮಾಡುತ್ತಾ ಬಂದಿದ್ದೆ, ಅದನ್ನೂ ಕಟ್ಟಿದೆ. ನನ್ನ ಫೋನಿಗೆ ಒಂದು, ಅವರ ಫೋನಿಗೆ ಒಂದು, ಹೀಗೆ ಎರಡು ತಂತಿ ಇಟ್ಟುಕೊಂಡೆ. ಇದನ್ನು ಬರೆಯುವಾಗ ಓದುವವರಿಗೆ ಏನೋ ಅನ್ನಿಸಬಹುದು. ನನಗೆ ಆಗ ಅನ್ನಿಸಿದ್ದು, ಅವರ ಫೋನಿನ ತಂತಿ ಹಳೆಯ ಮಾದರಿಯದು, ಹಾದಿಯಲ್ಲಿ ಕಳೆದರೆ ಸಿಗುವುದಿಲ್ಲ ಎಂದು.

ಇನ್ನೊಂದು ವಿಷಯವಿದೆ, ಅದನ್ನು ನಾನು ಇಂದಿಗೂ ಬಗೆಹರಿಸಿಕೊಂಡಿಲ್ಲ. ದೂರ ಹೋಗುವ ಮುನ್ನ ಬ್ಯಾಟರಿಯನ್ನು ಒಮ್ಮೆ ತೀರಾ ಕೆಳಗೆ ಇಳಿಸಿ, ಆಮೇಲೆ ಪೂರ್ತಿ ತುಂಬಿಸಬೇಕು ಎಂದು ನನ್ನ ಗಂಡ ಹೇಳಿದ್ದರು. ಅಡಿಗೆಮನೆಯ ಬಾಗಿಲಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತು ಹೇಳಿದ್ದರು. ನನಗೆ ಟವೆಲಿನ ಬಣ್ಣವೂ ನೆನಪಿದೆ. ಅತ್ತೆಗೆ ಇದನ್ನು ಹೇಳಿದೆ.

“ಅದು ಇನ್ವರ್ಟರ್ ಬ್ಯಾಟರಿ ಬಗ್ಗೆ ಅಂದಿದ್ದ,” ಎಂದರು. “ಅದೂ ಹಳೇ ಮನಿಯೊಳಗ.”

“ಇಲ್ಲ ಅತ್ಯಾ, ಗಾಡಿ ಬಗ್ಗೆನ ಅಂದಿದ್ರು.”

“ಆ ಹಸರು ಟವೆಲ್ ಹಳೇ ಮನಿಯೊಳಗs ಹರದು ಹೋತಲಾ.”

ಇಬ್ಬರೂ ಅಲ್ಲಿಗೇ ನಿಲ್ಲಿಸಿದೆವು. ಇದನ್ನು ತೀರ್ಮಾನಿಸಬಲ್ಲ ಮೂರನೆಯವರು ಇರಲಿಲ್ಲ. ನಾನು ನನ್ನ ನೆನಪಿನಂತೆ ನಡೆದೆ. ಆ ವಾರ ಗಾಡಿಯನ್ನು ಚಾರ್ಜಿಗೆ ಹಾಕಲಿಲ್ಲ. ಕಾಲೇಜಿಗೆ ಹೋಗಿಬಂದೆ, ಕರ್ಪೂರ, ಊದುಕಡ್ಡಿ ತರಲು ಅಬಿಡ್ಸ್‌ಗೆ ಹೋಗಿಬಂದೆ, ಟಯರಿಗೆ ಗಾಳಿ ಹಾಕಿಸಿದೆ. ಹೊರಡುವ ಹಿಂದಿನ ಸಂಜೆ ಮನೆಗೆ ಬಂದಾಗ ಗಾಡಿ ಕೆಂಪು ಗೆರೆ ತೋರಿಸುತ್ತಿತ್ತು. ಪಾರ್ಕಿಂಗಿನ ನಮ್ಮ ಜಾಗದಲ್ಲಿ ನನ್ನ ಗಂಡ ಹಾಕಿಸಿದ್ದ ಚಾರ್ಜರಿಗೆ ಅದನ್ನು ಜೋಡಿಸಿದೆ. ಹಸಿರು ದೀಪ ಮಿನುಗತೊಡಗಿದ್ದನ್ನು ನೋಡಿಯೇ ಮೇಲೆ ಬಂದೆ. ಈ ನೆನಪಿನಲ್ಲಿ ತಪ್ಪಿಲ್ಲ.

ಬೆಳಿಗ್ಗೆ ಆಚಾರ್ಯರು ಪೂಜೆ ಮುಗಿಸಿ, ಸಾಲಿಗ್ರಾಮಗಳನ್ನು ಸಂಪುಟದಲ್ಲಿಟ್ಟು ಮುಚ್ಚಿ, ಪೆಟ್ಟಿಗೆಯನ್ನು ವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದರು. ಅತ್ತೆ ತಲೆಯಿಂದ ನೀರು ಹಾಕಿಕೊಂಡು ಮಡಿ ಉಟ್ಟು ಕೈಮುಗಿದು ನಿಂತಿದ್ದರು. ನಾನು ದೂರದಲ್ಲಿ, ಮುಟ್ಟದ ಹಾಗೆ, ಬಾಗಿಲ ಬಳಿ.

“ಅವ್ವಾರ, ತೊಡಿ ಮ್ಯಾಲ ಇಟ್ಕೋರಿ, ಕೆಳಗ ಇಡಬ್ಯಾಡ್ರಿ,” ಎಂದರು ಆಚಾರ್ಯರು. “ಒಮ್ಮೆ ಎತ್ತಿದ ಮ್ಯಾಲ ತಿರುಗಿ ಈ ಪೀಠಕ್ಕ ತರೂ ಹಂಗಿಲ್ಲ. ಮತ್ತ ಅಲ್ಲಿ ದೇವ್ರು ಕೂಡೂತನಕ ಮೌನ. ನಿಮ್ಮ ಮನಿತನದ ಪದ್ಧತಿ ನಿಮಗ ಗೊತ್ತs ಅದ.”

ಅತ್ತೆ ತಲೆಯಾಡಿಸಿ ಪೆಟ್ಟಿಗೆಯನ್ನು ಎತ್ತಿಕೊಂಡರು. ಆ ಕ್ಷಣದಿಂದ ಮೌನ.

ಪದ್ಧತಿ ಅತ್ತೆಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಹಳೆಯ ಮನೆಯಿಂದ ಇಲ್ಲಿಗೆ ಬಂದಾಗ ದೇವರನ್ನು ಹೊತ್ತವರು ನನ್ನ ಗಂಡ. ಅಂದು ಅವರು ಹಾದಿಯಲ್ಲಿ ಮಾತಾಡಿದರೋ ಇಲ್ಲವೋ ನಾನು ಗಮನಿಸಿರಲಿಲ್ಲ, ಅವರು ಹೇಗೂ ಹೆಚ್ಚು ಮಾತಾಡುವವರಲ್ಲ. ಮೂರು ಬಂಕುಗಳು, ಮೂರು ತಾಸು, ಎಲ್ಲ ಕಡೆಯೂ ಅತ್ತೆ ಮಾತಿಲ್ಲದೆ ಕೂತಿರುತ್ತಾರೆ ಎಂಬುದು ಮೆಟ್ಟಿಲು ಇಳಿಯುವಾಗ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಅಯ್ಯೋ ಅನ್ನಿಸಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಕೆಲಸ ರದ್ದಾಯಿತು ಅನ್ನಿಸಿತು.

ಅತ್ತೆಯನ್ನು ಧಾಬಳಿ ಹಾಸಿದ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನು ಪೆಟ್ಟಿಗೆಗೂ ಅವರ ಮಡಿಗೂ ನನ್ನ ಕೈ ತಾಗದಂತೆ ಹಿಂದಿನಿಂದ ಎಳೆದು ಹಾಕಿದೆ. ನನ್ನ ಜಾಗಕ್ಕೆ ಬಂದು ಗುಂಡಿ ಒತ್ತಿದೆ. ಪರದೆಯ ಮೇಲೆ ಅದೇ ಕೆಂಪು ಗೆರೆ, ಸಂಜೆ ಇದ್ದದ್ದಕ್ಕಿಂತ ಚೂರು ಮೇಲೆ. ಹೊರಗೆ ಚಾರ್ಜರಿನ ದೀಪ ಆರಿತ್ತು. ಊರಿನ ಇನ್ನೊಂದು ಅಂಚಿನ ಪಟಾನ್‌ಚೆರು ಮುಟ್ಟಲೂ ಸಾಲದು.

ಮೇಲೆ ಓಡಿದೆ. ಮುಂಬಾಗಿಲ ಹಿಂದಿನ ಸ್ವಿಚ್ ಬೋರ್ಡ್ ತೆರೆದರೆ ಎಲ್ಲವೂ ತಿಳಿಯಿತು. ಊರಿಗೆ ಹೋಗುವಾಗ ಮನೆ ಮುಚ್ಚುವುದು ಅತ್ತೆಯ ಕೆಲಸ. ಗ್ಯಾಸ್ ಬಂದ್ ಮಾಡುವುದು, ನಲ್ಲಿ ತಿರುಗಿಸಿ ನೋಡುವುದು, ಬೋರ್ಡಿನಲ್ಲಿ ಬೇಕಿಲ್ಲದ ಸ್ವಿಚ್ಚುಗಳನ್ನೆಲ್ಲ ಇಳಿಸುವುದು. ಬೆಳಿಗ್ಗೆ ಮಡಿಯಲ್ಲಿ ಇದನ್ನೆಲ್ಲ ಮುಟ್ಟುವಂತಿಲ್ಲವಾದ್ದರಿಂದ ಹಿಂದಿನ ಸಂಜೆಯೇ ಮುಗಿಸಿದ್ದರು, ರಾತ್ರಿ ಇಬ್ಬರೂ ನಡುಮನೆಯಲ್ಲೇ ಮಲಗಿದ್ದೆವು. ಫ್ರಿಜ್ಜಿನದು, ಅಡಿಗೆಮನೆಯದು, ನಡುಮನೆಯದು ಬಿಟ್ಟು ಉಳಿದವೆಲ್ಲ ಕೆಳಗಿದ್ದವು. ಕೊನೆಯ ಮೂಲೆಯಲ್ಲಿ ಗಾಡಿಯ ಸ್ವಿಚ್ಚು. ನನ್ನ ಗಂಡ ನಮ್ಮ ಬೋರ್ಡಿನಿಂದಲೇ ಪಾರ್ಕಿಂಗಿಗೆ ತಂತಿ ಎಳೆಸಿದ್ದರು. ಅದೂ ಕೆಳಗಿತ್ತು. ನಾನು ದೀಪ ಮಿನುಗುವುದನ್ನು ನೋಡಿ ಮೇಲೆ ಬಂದ ಸ್ವಲ್ಪ ಹೊತ್ತಿಗೇ ಆರಿಹೋಗಿರಬೇಕು.

ಅದನ್ನು ಮೇಲೆ ಎತ್ತಿದೆ. ಆಮೇಲೆ ಅಲ್ಲೇ ನಿಂತು ಉಳಿದವನ್ನು ನೋಡಿದೆ. ಅತ್ತೆಯ ಕೋಣೆಯದು ಕೆಳಗೆ, ನನ್ನ ಕೋಣೆಯದೂ ಕೆಳಗೆ. ಫ್ರಿಜ್ ನಡೆಯುತ್ತಿದೆ. ನಾನಂತೂ ನಾಲ್ಕು ದಿನದಲ್ಲಿ ತಿರುಗಿ ಬರುವವಳು. ಹೀಗಾಗಿ ಮನೆ ಮುಚ್ಚಿದ ರೀತಿಯಿಂದ ಅವರ ಮನಸ್ಸು ತಿಳಿಯುವಂತಿರಲಿಲ್ಲ. ಇಷ್ಟು ಯೋಚಿಸುವಷ್ಟು ಹೊತ್ತು ಅಲ್ಲಿ ನಿಂತಿದ್ದೆ, ಕೆಳಗೆ ಒಬ್ಬ ವಯಸ್ಸಾದ ಹೆಂಗಸು ತೊಡೆಯ ಮೇಲೆ ದೇವರನ್ನಿಟ್ಟುಕೊಂಡು ಕೂತಿರುವಾಗ.

ಆಚಾರ್ಯರು ಪಾರ್ಕಿಂಗಿನಲ್ಲಿ ಕಾಯುತ್ತಿದ್ದರು. ಮೇಲೆ ಕರೆದೊಯ್ಯಬಹುದೇ ಎಂದು ಕೇಳಿದೆ. ಆಗಲೇ ಹೇಳಿದೆನಲ್ಲ ಎಂಬಂತೆ ಕೈಯಾಡಿಸಿದರು. “ಕೂಡ್ಲಿ. ಹೊರಟಾಗೇದ. ಇದೂ ಹಾದಿನs ಅಂತ ತಿಳ್ಕೋರಿ,” ಎಂದು ಹೇಳಿ ಇನ್ನೊಂದು ಮನೆಯ ಪೂಜೆಗೆ ಹೋದರು.

ಹೀಗೆ ನಮ್ಮ ಪ್ರಯಾಣದ ಮೊದಲ ತಾಸುಗಳು ನಮ್ಮದೇ ಮನೆಯ ಕೆಳಗೆ ಕಳೆದವು. ಮನೆಯ ಚಾರ್ಜರ್ ನಿಧಾನ. ಪಟಾನ್‌ಚೆರು ದಾಟಿ ಬೇಗ ತುಂಬಿಸುವ ಯಂತ್ರ ಇರುವಲ್ಲಿಗೆ ಮುಟ್ಟುವಷ್ಟಾದರೂ ಆಗಲೆಂದು ಕಾದೆವು. ಹಾಲಿನವನು ಬಂದು ಹೋದ. ಸ್ಕೂಟರುಗಳು ಒಂದೊಂದಾಗಿ ಹೊರಟವು. ಹೊರಟವರೆಲ್ಲ ಬಗ್ಗಿ ಗಾಜಿನೊಳಗೆ ನೋಡುತ್ತಿದ್ದರು, ಯಾರೋ ಒಬ್ಬರು ಚಪ್ಪಲಿ ಬಿಟ್ಟು ಪೆಟ್ಟಿಗೆಗೆ ಕೈಮುಗಿದರು. ಅತ್ತೆಗೆ ಸೆಕೆಯಾಗುತ್ತಿದೆಯೇ ಎಂದು ಕೇಳಿದೆ, ಇಲ್ಲವೆಂದು ತಲೆಯಾಡಿಸಿದರು. ಗಾಜು ಇಳಿಸಲೇ ಎಂದೆ. ಹೂಂ ಎಂಬಂತೆ ಕಣ್ಣು ಮುಚ್ಚಿ ತೆರೆದರು.

ಕೆಳಗಿನ ಮನೆಯಾಕೆ ಕೈಯಲ್ಲಿ ಚಹಾದ ಕಪ್ಪು ಹಿಡಿದು ಬಂದಳು. “ಅಕ್ಕಾರ, ಇನ್ನೂ ಇಲ್ಲೇ ಅದೀರಿ? ನಾ ಜಹೀರಾಬಾದ್ ದಾಟಿರಬೇಕು ಅನ್ಕೊಂಡೆ.”

ಆದದ್ದನ್ನು ಹೇಳಿದೆ.

“ಅಮ್ಮಾರು ಮನಿ ಬಂದ್ ಮಾಡಿದ್ರ ಹಂಗ್ ಮಾಡ್ಬೇಕು ನೋಡ್ರಿ, ಗಾಡಿ ಸೈತ ಬಂದ್,” ಎಂದು ನಕ್ಕಳು. ಅತ್ತೆಯ ತುಟಿಯೂ ಸ್ವಲ್ಪ ಅಗಲವಾಯಿತೆಂದು ನನ್ನ ನೆನಪು. “ಅಮ್ಮಾರಿಗೆ ಚಾ?”

ಅತ್ತೆ ಬೇಡವೆಂದು ತಲೆಯಾಡಿಸಿದರು. ಅವರು ಮೌನದಲ್ಲಿದ್ದಾರೆ ಎಂದು ಹೇಳಿ ಚಹಾ ನಾನು ಕುಡಿದೆ.

“ವಾಪಸ್ ಯಾವಾಗ ಬರ್ತೀರಿ?”

“ಮೂರ್ನಾಕು ದಿನದಾಗ.”

“ಇಬ್ರೂನಾ?”

ಅವಳು ಅದನ್ನು ಚಹಾದ ಕಪ್ಪು ತೆಗೆದುಕೊಳ್ಳುತ್ತಾ, ಗೇಟಿನ ಕಡೆ ನೋಡುತ್ತಾ ಕೇಳಿದಳು. ಇಷ್ಟು ದಿನ ನಾನು ಕೇಳಲಾಗದೆ ಇಟ್ಟುಕೊಂಡದ್ದನ್ನು ಅಷ್ಟು ಸಲೀಸಾಗಿ ಕೇಳಿಬಿಟ್ಟಳು. ನಾನು ಅತ್ತೆಯನ್ನು ನೋಡಿದೆ. ಅವರು ಪೆಟ್ಟಿಗೆಯ ಗಂಟನ್ನು ನೋಡುತ್ತಿದ್ದರು.

“ನೋಡಬೇಕು,” ಎಂದೆ.

ಅವಳು ಹೋದಳು. ಪಾರ್ಕಿಂಗ್ ಖಾಲಿಯಾಗಿತ್ತು. ಚಾರ್ಜರಿನ ಸಣ್ಣ ಗುಂಯ್ ಸದ್ದು ಮಾತ್ರ. ನಾನು ಮುಂದಿನ ಗಾಜನ್ನೇ ನೋಡುತ್ತಾ ಕೇಳಿದೆ.

“ಅತ್ಯಾ, ನೀವು ನನ್ನ ಜೋಡಿ ವಾಪಸ್ ಬರ್ತೀರೋ, ಅಲ್ಲೇ ಇರ್ತೀರೋ?”

ಕೇಳಿದ್ದು ನಿಜ, ಮನಸ್ಸಿನಲ್ಲಿ ಅಂದುಕೊಂಡದ್ದಲ್ಲ. ಮುಚ್ಚಿದ ಗಾಡಿಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತ್ತು. ಮುಚ್ಚಿದ ಎಂದು ಬರೆದೆ. ಅವರ ಕಡೆಯ ಗಾಜು ಆಗಲೇ ಇಳಿಸಿದ್ದೆನಲ್ಲ. ಇರಲಿ. ಸೆಕೆಗೆ ತಲೆಯಾಡಿಸಿದವರು, ಚಹಾಕ್ಕೆ ತಲೆಯಾಡಿಸಿದವರು, ಇದಕ್ಕೆ ಆಡಿಸಲಿಲ್ಲ. ಹೌದೆಂದೂ ಇಲ್ಲ, ಇಲ್ಲವೆಂದೂ ಇಲ್ಲ. ಮೌನಕ್ಕೆ ಮಾತು ನಿಷಿದ್ಧ, ತಲೆ ನಿಷಿದ್ಧವಲ್ಲ. ಪೆಟ್ಟಿಗೆಯನ್ನು ತಮ್ಮ ಕಡೆಗೆ ಸ್ವಲ್ಪ ಸರಿಸಿಕೊಂಡರು. ಅದು ಜಾರುತ್ತಿತ್ತೋ ಏನೋ.

ಬಿಸಿಲೇರಿದ ಮೇಲೆ ಹೊರಟೆವು. ಔಟರ್ ರಿಂಗ್ ರೋಡಿನಲ್ಲಿ ನಾನು ಎಡಗಡೆಯ ಸಾಲು ಬಿಡಲಿಲ್ಲ. ಹಾದಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಬಂಕುಗಳಲ್ಲಿ ಯಂತ್ರಗಳು ಕೆಲಸ ಮಾಡಿದವು, ನನ್ನ ಗಂಡನ ಫೋನಿಗೆ ಒಟಿಪಿ ಬಂತು. ಕತ್ತಲಾದ ಮೇಲೆ ಬೆಳಗಾವಿ ಮುಟ್ಟಿದೆವು. ಮೈದುನ ಮಡಿಯಲ್ಲಿ ಬಾಗಿಲಲ್ಲಿ ನಿಂತು ಪೆಟ್ಟಿಗೆಯನ್ನು ಇದಿರುಗೊಂಡ. ದೇವರು ಅದೇ ದಿನ ಪೀಠದ ಮೇಲೆ ಕೂತವು.

ಮೌನ ಮುಗಿದ ಮೇಲೆ ಅತ್ತೆ ಮೊದಲು ಹೇಳಿದ್ದು, “ಆ ಮೂಲಿ ಸ್ವಿಚ್ಚು ಅವನ ಕೋಣಿದು ಅಂತ ತಿಳಕೊಂಡೆನವಾ.” ಆಮೇಲೆ ಬಹಳ ಮಾತಾಡಿದರು. ನಾನು ಚೆನ್ನಾಗಿ ನಡೆಸಿದೆ ಎಂದು ಮೈದುನನಿಗೆ ಹೇಳಿದರು, ಸೀಟಿನ ಚರ್ಮದ ಕಥೆ ಹೇಳಿದರು. ಪಾರ್ಕಿಂಗಿನಲ್ಲಿ ನಾನು ಕೇಳಿದ್ದರ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಕೇಳಿಸಿರಲಿಲ್ಲವೆಂದು ನಾನು ನಂಬಲಾರೆ. ನನಗೆ ರಜೆ ಮುಗಿಯಿತು. ಹೊರಡುವ ಬೆಳಿಗ್ಗೆ ಅವರು ಪ್ರಸಾದ ಕಟ್ಟಿಕೊಟ್ಟು, “ನೀ ನಡಿ, ಹೊತ್ತಾಗ್ತದ” ಎಂದರು. ನೀ ನಡಿ ಎಂದರೆ ನೀನು ಹೋಗು ಎಂದೋ, ನೀನು ಮೊದಲು ಹೋಗಿರು ಎಂದೋ, ವಿಜಯಪುರದವರೆಗೂ ಯೋಚಿಸಿದೆ.

ಈಗ ತಿಂಗಳುಗಳಾದವು. ಅತ್ತೆ ಬೆಳಗಾವಿಯಲ್ಲಿದ್ದಾರೆ. ಇರುತ್ತೇನೆ ಎಂದು ಹೇಳಿಲ್ಲ, ಬರುತ್ತೇನೆ ಎಂದೂ ಹೇಳಿಲ್ಲ. ಭಾನುವಾರ ಫೋನ್ ಮಾಡುತ್ತಾರೆ, ಏನು ಅಡಿಗೆ ಎಂದು ಕೇಳುತ್ತಾರೆ. ಅಡಿಗೆ ಮಾಡಿಲ್ಲದಿದ್ದರೂ ನಾನು ಏನಾದರೊಂದು ಹೇಳುತ್ತೇನೆ. ಹೋದ ಭಾನುವಾರ ಹಾಗೆ ಹೇಳುತ್ತಿದ್ದವಳು ನಡುವೆ ನಿಲ್ಲಿಸಿ ಬೇರೆ ಮಾತು ಕೇಳಿದೆ. ಅವರು ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟರು, ಹಾಲು ಉಕ್ಕುತ್ತಿದ್ದಿರಲೂಬಹುದು. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ. ನಾನು ಕೇಳಿದ್ದು:

“ಅತ್ಯಾ, ಕರಕೊಂಡು ಬರ್ಲಿಕ್ಕೆ ಗಾಡಿ ತರಲೇನು?”